ಕಂಪ್ಯೂಟರ್ ಗೇಮ್ ಒಳಗೆ ಏನು ನಡೆಯುತ್ತದೆ? ಒಂದು ಜಿಗಿತ, ನಾಲ್ಕು ದೆವ್ವಗಳು

ಪಿಯುಸಿ ಮುಗಿಸಿದ ಮಗನೋ ಮಗಳೋ "ನಾನು ಗೇಮ್ ಡಿಸೈನ್ ಓದ್ತೀನಿ" ಅಂದರೆ ಇವತ್ತು ಅದು ವಿಚಿತ್ರ ಮಾತೇನಲ್ಲ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆ ಅಂತಲೇ ಕರ್ನಾಟಕ 2012ರಲ್ಲೇ ಒಂದು ನೀತಿ ತಂದಿತ್ತು. 2024ರಲ್ಲಿ ಅದರ ಹೊಸ ಆವೃತ್ತಿ ಬಂತು. ಇನ್ನೊಂದು ಕಡೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಾಗ ಗೇಮ್ ಅನ್ನುವ ಪದ ಸುದ್ದಿಯ ತುಂಬ ಓಡಾಡಿತು. ಹಣದ ಆಟಗಳ ವಿಷಯ ಬೇರೆಯೇ. ಅದನ್ನು ಇಲ್ಲಿ ಬಿಡೋಣ.

ಮನೆಯಲ್ಲಿ ಉಳಿಯುವ ಪ್ರಶ್ನೆ ಒಂದು: ಗೇಮ್ ಮಾಡುವುದು ಅಂದರೆ ನಿಜವಾಗಿ ಏನು ಕೆಲಸ? ಕಂಪ್ಯೂಟರ್ ಗೊತ್ತಿಲ್ಲದವರಿಗೂ ಅರ್ಥವಾಗುವಂತೆ, ಬುಡದಿಂದ ನೋಡುತ್ತಾ ಹೋಗೋಣ.

ಎರಡು ಬೇರೆ ಬೇರೆ ಕೆಲಸ

ಗೇಮ್ ಡಿಸೈನ್ ಅಂದ ಕೂಡಲೇ ಬಹಳ ಜನ ಚಿತ್ರ ಬಿಡಿಸುವುದು ಅಂದುಕೊಳ್ಳುತ್ತಾರೆ. ಅದಲ್ಲ. ಚಿತ್ರ ಬಿಡಿಸುವವರು ಆರ್ಟಿಸ್ಟ್‌ಗಳು. ಡಿಸೈನರ್ ಮಾಡುವುದು ನಿಯಮ. ಆಟಗಾರ ಏನು ಮಾಡಬಹುದು, ಏನು ಮಾಡಬಾರದು, ಯಾವಾಗ ಗೆಲ್ಲುತ್ತಾನೆ, ಸೋತರೆ ಎಲ್ಲಿಂದ ಮತ್ತೆ ಶುರು ಮಾಡಬೇಕು, ಇವನ್ನೆಲ್ಲ ತೀರ್ಮಾನಿಸುವುದು ಡಿಸೈನರ್. ಆ ನಿಯಮಗಳನ್ನು ಕಂಪ್ಯೂಟರಿಗೆ ತಿಳಿಯುವಂತೆ ಬರೆದು ಓಡಿಸುವುದು ಪ್ರೋಗ್ರಾಮರ್.

ಡಿಸೈನ್ ಮಾಡಲು ಕಂಪ್ಯೂಟರೇ ಬೇಕಾಗಿಲ್ಲ. ನಮ್ಮ ಆಡು-ಹುಲಿ ಆಟವನ್ನೇ ನೋಡಿ. ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಅದರ ಗೆರೆಗಳು ಇವತ್ತಿಗೂ ಕಾಣಸಿಗುತ್ತವೆ. ಲೆಕ್ಕ ಊರಿಂದ ಊರಿಗೆ ಬದಲಾದರೂ, ಹೆಚ್ಚಾಗಿ ಕಾಣುವುದು 3 ಹುಲಿ, 15 ಆಡು. ಹುಲಿ ಆಡಿನ ಮೇಲೆ ಹಾರಿ ತಿನ್ನಬಹುದು. ಆಡುಗಳಿಗೆ ಆ ಶಕ್ತಿ ಇಲ್ಲ, ಒಟ್ಟಾಗಿ ಹುಲಿಗಳನ್ನು ಕಟ್ಟಿಹಾಕಬೇಕು ಅಷ್ಟೇ. ಎರಡು ಕಡೆಯ ಬಲವೂ ಬೇರೆ, ಗುರಿಯೂ ಬೇರೆ. ಆದರೂ ಇಬ್ಬರಿಗೂ ಗೆಲ್ಲುವ ದಾರಿ ಇದೆ. ಆಡು 8 ಮಾತ್ರ ಇದ್ದಿದ್ದರೆ? ಹುಲಿಗಳನ್ನು ಕಟ್ಟಿಹಾಕಲು ಕಾಯಿಗಳೇ ಸಾಲುತ್ತಿರಲಿಲ್ಲ. 30 ಇದ್ದಿದ್ದರೆ ಹುಲಿಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆ ಸಂಖ್ಯೆಯನ್ನು ಆಡಿ ಆಡಿಯೇ ಯಾರೋ ಕಂಡುಕೊಂಡಿದ್ದಾರೆ. ಇವತ್ತಿನ ಸ್ಟುಡಿಯೋಗಳಲ್ಲಿ ಇದೇ ಕೆಲಸವನ್ನು ಬ್ಯಾಲೆನ್ಸಿಂಗ್ ಅಂತಾರೆ.

ಸೆಕೆಂಡಿಗೆ 60 ಸಲ ಸುತ್ತುವ ಚಕ್ರ

ಈಗ ಪ್ರೋಗ್ರಾಮರ್ ಕಡೆಗೆ ಬರೋಣ. ಲೆಕ್ಕ ಹಾಕುವ ಒಂದು ಸಾಮಾನ್ಯ ಪ್ರೋಗ್ರಾಂ ನಾವು ಕೇಳಿದಾಗ ಕೆಲಸ ಮಾಡಿ, ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಗೇಮ್ ಹಾಗಲ್ಲ. ನೀವು ಏನೂ ಒತ್ತದಿದ್ದರೂ ಮೋಡ ಚಲಿಸಬೇಕು, ಶತ್ರು ಹತ್ತಿರ ಬರಬೇಕು, ಟೈಮರ್ ಓಡಬೇಕು. ಹಾಗಾಗಿ ಪ್ರತಿ ಗೇಮ್ ಒಳಗೂ ಒಂದು ಚಕ್ರ ಬಿಡುವಿಲ್ಲದೆ ಸುತ್ತುತ್ತಿರುತ್ತದೆ. ಇದಕ್ಕೆ ಗೇಮ್ ಲೂಪ್ ಅಂತ ಹೆಸರು.

ಪ್ರತಿ ಸುತ್ತಿನಲ್ಲಿ ಮೂರು ಕೆಲಸ. ಮೊದಲು, ಆಟಗಾರ ಯಾವ ಬಟನ್ ಒತ್ತಿದ್ದಾನೆ ಅಂತ ನೋಡುವುದು. ಆಮೇಲೆ, ಎಲ್ಲ ಪಾತ್ರಗಳ ಹೊಸ ಜಾಗ, ವೇಗ, ಉಳಿದಿರುವ ಜೀವ ಎಲ್ಲವನ್ನೂ ಲೆಕ್ಕ ಹಾಕುವುದು. ಕೊನೆಗೆ ಇಡೀ ಚಿತ್ರವನ್ನು ಪರದೆಯ ಮೇಲೆ ಹೊಸದಾಗಿ ಬಿಡಿಸುವುದು. ಹೀಗೆ ಬಿಡಿಸಿದ ಒಂದು ಚಿತ್ರವೇ ಒಂದು ಫ್ರೇಮ್. ಸಿನಿಮಾದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್ ಇರುತ್ತವೆ. ಗೇಮ್‌ಗಳಲ್ಲಿ ಹೆಚ್ಚಾಗಿ 30 ಅಥವಾ 60. ಸೆಕೆಂಡಿಗೆ 60 ಅಂದರೆ ಒಂದು ಸುತ್ತಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ಅಷ್ಟರಲ್ಲಿ ಮೂರೂ ಕೆಲಸ ಮುಗಿಯಬೇಕು. ಮುಗಿಯದಿದ್ದರೆ ಚಿತ್ರ ತಡವರಿಸುತ್ತದೆ. ಮಕ್ಕಳು "ಲ್ಯಾಗ್ ಆಗ್ತಿದೆ" ಅಂತ ಗೊಣಗುವುದಕ್ಕೆ ಇದೂ ಒಂದು ಕಾರಣ. ಇಂಟರ್ನೆಟ್ ನಿಧಾನವಾಗುವುದು ಇನ್ನೊಂದು.

ಇಲ್ಲಿ ಒಂದು ತೊಡಕಿದೆ. ಪ್ರತಿ ಸುತ್ತಿಗೆ ಪಾತ್ರ ಪರದೆಯ ಮೇಲೆ 5 ಚುಕ್ಕೆ (ಪಿಕ್ಸೆಲ್) ಮುಂದೆ ಹೋಗಲಿ ಅಂತ ಬರೆದಿದ್ದೀರಿ ಅಂದುಕೊಳ್ಳಿ. ಸೆಕೆಂಡಿಗೆ 60 ಸುತ್ತು ಹೊಡೆಯುವ ಕಂಪ್ಯೂಟರಿನಲ್ಲಿ ಅದು 300 ಚುಕ್ಕೆ ಹೋಗುತ್ತದೆ. 30 ಸುತ್ತು ಹೊಡೆಯುವ ಹಳೆಯ ಫೋನಿನಲ್ಲಿ 150 ಮಾತ್ರ. ಒಂದೇ ಆಟ, ಎರಡು ವೇಗ! 1980ರ ದಶಕದ ಪಿಸಿ ಆಟಗಳಲ್ಲಿ ಇದು ನಿಜವಾದ ತಲೆನೋವಾಗಿತ್ತು. ಹೊಸ, ವೇಗದ ಕಂಪ್ಯೂಟರ್ ಬಂದಾಗ ಹಳೆಯ ಆಟಗಳು ಆಡಲಾಗದಷ್ಟು ಜೋರಾಗಿ ಓಡತೊಡಗಿದವು. ಆ ಕಾಲದ ಎಷ್ಟೋ ಕಂಪ್ಯೂಟರ್‌ಗಳ ಮುಂದೆ ಟರ್ಬೊ ಅನ್ನುವ ಬಟನ್ ಇರುತ್ತಿತ್ತಲ್ವಾ? ಹೆಸರು ಕೇಳಿದರೆ ವೇಗ ಹೆಚ್ಚಿಸುವುದು ಅನ್ನಿಸುತ್ತದೆ. ಅದು ಇದ್ದದ್ದೇ ಇಂಥ ಹಳೆಯ ಪ್ರೋಗ್ರಾಂಗಳಿಗಾಗಿ ಕಂಪ್ಯೂಟರಿನ ವೇಗ ಇಳಿಸುವುದಕ್ಕೆ.

ಇದಕ್ಕೆ ಪರಿಹಾರ ಸರಳ. ಸುತ್ತಿಗೆ ಇಷ್ಟು ಅನ್ನುವ ಬದಲು ಸೆಕೆಂಡಿಗೆ ಇಷ್ಟು ಅಂತ ಬರೆಯುವುದು. ಹಿಂದಿನ ಸುತ್ತಿನಿಂದ ಎಷ್ಟು ಹೊತ್ತಾಯಿತು ಅಂತ ಅಳೆದು, ಆ ಹೊತ್ತಿಗೆ ತಕ್ಕಷ್ಟೇ ಪಾತ್ರವನ್ನು ಮುಂದೆ ಸರಿಸುವುದು. ಅಪ್ಪನ ಕೈ ಹಿಡಿದು ಪುಟ್ಟ ಮಗು ಜಾತ್ರೆಗೆ ನಡೆಯುತ್ತದೆ. ಮಗುವಿನದು ಚಿಕ್ಕ ಚಿಕ್ಕ ಹೆಜ್ಜೆ, ಜಾಸ್ತಿ ಹೆಜ್ಜೆ. ಅಪ್ಪನದು ದೊಡ್ಡ ಹೆಜ್ಜೆ, ಕಡಿಮೆ ಹೆಜ್ಜೆ. ಇಬ್ಬರೂ ಒಟ್ಟಿಗೇ ತಲುಪುತ್ತಾರೆ. ವೇಗದ ಕಂಪ್ಯೂಟರ್ ಇಲ್ಲಿ ಆ ಮಗುವಿನ ಹಾಗೆ.

ಕೆಲವೊಮ್ಮೆ ಇಂಥ ತೊಡಕಿನಿಂದಲೇ ಒಳ್ಳೆಯ ಡಿಸೈನ್ ಹುಟ್ಟಿದ್ದೂ ಉಂಟು. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ಟೊಮೊಹಿರೊ ನಿಶಿಕಾಡೊ ಸ್ಪೇಸ್ ಇನ್ವೇಡರ್ಸ್ ಮಾಡಿದರು. ಪರದೆಯ ಮೇಲೆ 55 ಶತ್ರುಗಳು, 5 ಸಾಲಿನಲ್ಲಿ. ಅಷ್ಟನ್ನೂ ಸರಿಸಲು ಆಗಿನ ಯಂತ್ರ ಹೆಣಗುತ್ತಿತ್ತು. ಒಂದೊಂದೇ ಶತ್ರು ಸಾಯುತ್ತಾ ಹೋದ ಹಾಗೆ ಯಂತ್ರದ ಹೊರೆ ಇಳಿಯಿತು, ಉಳಿದವು ಜೋರಾಗಿ ಚಲಿಸತೊಡಗಿದವು. ಕೊನೆಯ ಒಂದು ಶತ್ರುವಂತೂ ಓಡಿಬಿಡುತ್ತದೆ. ನಿಶಿಕಾಡೊ ಅದನ್ನು ಸರಿಪಡಿಸಲು ಹೋಗಲಿಲ್ಲ, ಹಾಗೇ ಉಳಿಸಿಕೊಂಡರು. ಗೆಲ್ಲುತ್ತಾ ಹೋದಷ್ಟೂ ಕಷ್ಟವಾಗುವ ಆಟ ಅದರಿಂದ ಸಿಕ್ಕಿತು.

ಒಂದು ಜಿಗಿತವನ್ನು ಬಿಡಿಸಿ ನೋಡೋಣ

ಮಾರಿಯೊ ಥರದ ಆಟದಲ್ಲಿ ಬಟನ್ ಒತ್ತಿದರೆ ಪಾತ್ರ ಜಿಗಿಯುತ್ತದೆ. ಕಂಪ್ಯೂಟರಿಗೆ ಜಿಗಿತ ಅಂದರೇನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ. ಹಾಗಾಗಿ ಪಾತ್ರಕ್ಕೆ ಎರಡು ಸಂಖ್ಯೆ ಕೊಡುತ್ತೇವೆ. ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದು ಒಂದು, ಮೇಲಕ್ಕೆ ಎಷ್ಟು ವೇಗದಲ್ಲಿ ಹೋಗುತ್ತಿದೆ ಅನ್ನುವುದು ಇನ್ನೊಂದು.

ಬಟನ್ ಒತ್ತಿದಾಗ ವೇಗವನ್ನು 10 ಮಾಡಿ. ಪ್ರತಿ ಸುತ್ತಿನಲ್ಲೂ ಎತ್ತರಕ್ಕೆ ವೇಗವನ್ನು ಕೂಡಿಸಿ, ಆಮೇಲೆ ವೇಗದಿಂದ 1 ಕಳೆಯಿರಿ. ಇಷ್ಟೇ. ಆ ಕಳೆಯುವ 1 ಇದೆಯಲ್ಲ, ಅದೇ ಗುರುತ್ವಾಕರ್ಷಣೆ. ಎತ್ತರ ಹೀಗೆ ಏರುತ್ತದೆ: 10, 19, 27, 34, 40, 45, 49, 52, 54, 55. ಮೊದಲು ಜೋರಾಗಿ, ಮೇಲೆ ಹೋದ ಹಾಗೆ ನಿಧಾನವಾಗಿ. ಆಮೇಲೆ ವೇಗ ಸೊನ್ನೆಗೆ ಬಂದು, ಕಳೆಯುತ್ತಾ ಹೋಗಿ ಮೈನಸ್ ಆಗುತ್ತದೆ, ಪಾತ್ರ ಬೀಳತೊಡಗುತ್ತದೆ. ಒಟ್ಟು 21 ಸುತ್ತು, ಅಂದರೆ ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ. ಶಾಲೆಯಲ್ಲಿ ಓದಿದ ಭೌತಶಾಸ್ತ್ರ ಇಲ್ಲಿ ಒಂದು ಕೂಡುವ, ಒಂದು ಕಳೆಯುವ ಲೆಕ್ಕವಾಗಿ ನಿಂತಿದೆ.

ಇಲ್ಲಿಗೆ ಪ್ರೋಗ್ರಾಮರ್ ಕೆಲಸ ಮುಗಿಯಿತು. ಆದರೆ ಆಡಿ ನೋಡಿದರೆ ಈ ಜಿಗಿತ ಸಪ್ಪೆ. ಇಲ್ಲಿಂದ ಡಿಸೈನರ್ ಕೆಲಸ ಶುರು. ನನ್ನ ಮಟ್ಟಿಗೆ ಇಡೀ ಗೇಮ್ ತಯಾರಿಕೆಯಲ್ಲಿ ಅತಿ ಸೊಗಸಾದ ಭಾಗ ಇದೇ.

ಮೊದಲನೆಯದು, ಬಟನ್ ಒತ್ತಿ ಹಿಡಿದರೆ ಎತ್ತರದ ಜಿಗಿತ, ತಟ್ಟಿ ಬಿಟ್ಟರೆ ಗಿಡ್ಡ ಜಿಗಿತ. 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲೇ ಇದು ಇದೆ. ನಿಜ ಜೀವನದಲ್ಲಿ ಜಿಗಿದಾದ ಮೇಲೆ ಗಾಳಿಯಲ್ಲಿ ಮನಸ್ಸು ಬದಲಿಸಲು ಆಗಲ್ಲ. ಆಟದಲ್ಲಿ ಆಗುತ್ತದೆ, ಯಾಕೆಂದರೆ ಹಾಗಿದ್ದರೆ ಪಾತ್ರ ನಮ್ಮ ಮಾತು ಕೇಳುತ್ತಿದೆ ಅನ್ನಿಸುತ್ತದೆ. ಎರಡನೆಯದು, ಬೀಳುವಾಗಿನ ಗುರುತ್ವವನ್ನು ಏರುವಾಗಿನದಕ್ಕಿಂತ ಹೆಚ್ಚು ಇಡುವುದು. ಪಾತ್ರ ಬಲೂನಿನಂತೆ ತೇಲದೆ ಗಟ್ಟಿಯಾಗಿ ನೆಲಕ್ಕೆ ಬರುತ್ತದೆ.

ಮೂರನೆಯದಂತೂ ಆಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಬಂಡೆಯ ಅಂಚಿನ ತನಕ ಓಡಿ, ಅಲ್ಲಿ ಜಿಗಿಯಬೇಕು. ನಾವು ಬಟನ್ ಒತ್ತುವುದು ಎಷ್ಟೋ ಸಲ ಒಂದೆರಡು ಫ್ರೇಮ್ ತಡವಾಗಿ. ಆ ಹೊತ್ತಿಗೆ ಪಾತ್ರದ ಕಾಲ ಕೆಳಗೆ ನೆಲ ಇರುವುದಿಲ್ಲ. ಲೆಕ್ಕದ ಪ್ರಕಾರ ಬೀಳಬೇಕು. ಬಿದ್ದರೆ ಆಟಗಾರ "ನಾನು ಒತ್ತಿದ್ದೆ, ಗೇಮೇ ಸರಿಯಿಲ್ಲ" ಅಂತಾನೆ. ಅವನ ಕಣ್ಣಿಗೆ ಕಂಡದ್ದೂ ಹಾಗೇ. ಅದಕ್ಕೇ ಡಿಸೈನರ್‌ಗಳು ಅಂಚು ದಾಟಿದ ಮೇಲೂ ಕೆಲವು ಫ್ರೇಮ್‌ಗಳ ತನಕ ಜಿಗಿಯಲು ಅವಕಾಶ ಕೊಡುತ್ತಾರೆ. ಇದನ್ನು ಕಯೋಟಿ ಟೈಮ್ ಅಂತ ಕರೆಯುತ್ತಾರೆ. 2018ರ ಸೆಲೆಸ್ಟ್ ಅನ್ನುವ ಆಟ ತುಂಬಾ ಕಷ್ಟದ್ದು ಅಂತ ಹೆಸರುವಾಸಿ. ಅದನ್ನು ಮಾಡಿದವರು ತಮ್ಮ ಆಟದಲ್ಲಿ ಇಂಥ ರಿಯಾಯಿತಿಗಳು ಹಲವು ಇವೆ ಅಂತ ಬಹಿರಂಗವಾಗಿಯೇ ವಿವರಿಸಿದ್ದಾರೆ. ಕಷ್ಟದ ಆಟವೂ ಆಡುವವರ ಪರವಾಗಿ ನಿಲ್ಲಬಹುದು.

ಪಾತ್ರ ನೆಲ ಮುಟ್ಟಿತು, ಗೋಡೆಗೆ ಬಡಿಯಿತು, ನಾಣ್ಯ ಹಿಡಿಯಿತು ಅಂತ ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ಪ್ರತಿಯೊಂದರ ಸುತ್ತ ಕಣ್ಣಿಗೆ ಕಾಣದ ಒಂದು ಚೌಕಟ್ಟು ಇರುತ್ತದೆ. ಎರಡು ಚೌಕಟ್ಟು ಒಂದರ ಮೇಲೊಂದು ಬಂದಿವೆಯಾ ಅಂತ ಪ್ರತಿ ಸುತ್ತಿನಲ್ಲೂ ನೋಡುತ್ತಾರೆ. ಗುಂಡಿನ ಮಳೆ ಸುರಿಯುವ ಆಟಗಳಲ್ಲಿ ನಮ್ಮ ವಿಮಾನದ ಚೌಕಟ್ಟನ್ನು ಚಿತ್ರಕ್ಕಿಂತ ಚಿಕ್ಕದಾಗಿಯೇ ಇಡುತ್ತಾರೆ. ಗುಂಡು ರೆಕ್ಕೆಯ ತುದಿ ಸವರಿ ಹೋದರೆ ಬದುಕಿಕೊಳ್ಳುತ್ತೇವೆ. ಇದರಲ್ಲೊಂದು ಅಪಾಯವೂ ಇದೆ. ಒಂದು ಸುತ್ತಿಗೆ 40 ಚುಕ್ಕೆ ಹಾರುವ ಗುಂಡಿನ ಎದುರು 10 ಚುಕ್ಕೆ ದಪ್ಪದ ಗೋಡೆ ಇದ್ದರೆ, ಈ ಸುತ್ತಿನಲ್ಲಿ ಗುಂಡು ಗೋಡೆಯ ಈಚೆ, ಮುಂದಿನ ಸುತ್ತಿನಲ್ಲಿ ಆಚೆ. ಎರಡೂ ಸಲ ಮುಟ್ಟಿಲ್ಲ! ವೇಗದ ವಸ್ತುಗಳಿಗೆ ನಡುವಿನ ದಾರಿಯನ್ನೂ ಲೆಕ್ಕ ಹಾಕಬೇಕಾಗುವುದು ಇದಕ್ಕೇ.

ನಾಲ್ಕು ದೆವ್ವಗಳ ತಲೆಯೊಳಗೆ

ಶತ್ರುಗಳು ಯೋಚನೆ ಮಾಡುತ್ತವೆ ಅನ್ನಿಸುವುದು ಹೇಗೆ? ಇದಕ್ಕೆ ಪ್ಯಾಕ್‌ಮ್ಯಾನ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯಿಂದ ಬಂದ ಆಟ, ಡಿಸೈನರ್ ಟೋರು ಇವಾಟಾನಿ. ಆ ಕಾಲದ ವಿಡಿಯೋ ಗೇಮ್ ಅಂಗಡಿಗಳಲ್ಲಿ ಗುಂಡು ಹೊಡೆಯುವ ಆಟಗಳೇ ತುಂಬಿದ್ದವು. ಹೆಣ್ಣುಮಕ್ಕಳೂ ಬಂದು ಆಡುವಂಥದ್ದು ಬೇಕು ಅಂತ ಇವಾಟಾನಿ ತಿನ್ನುವುದನ್ನು ವಿಷಯವಾಗಿ ಹಿಡಿದರು. ಹಳದಿ ಬಾಯಿ ದಾರಿಯ ಚುಕ್ಕೆಗಳನ್ನು ತಿನ್ನುತ್ತಾ ಹೋಗಬೇಕು, ನಾಲ್ಕು ದೆವ್ವಗಳು ಅಟ್ಟಿಸಿಕೊಂಡು ಬರುತ್ತವೆ.

ನಾಲ್ಕೂ ಹಿಂದಿನಿಂದಲೇ ಸಾಲಾಗಿ ಬಂದರೆ ಆಟ ಬೇಗ ಬೇಜಾರಾಗುತ್ತದೆ. ಹಾಗಾಗಿ ಒಂದೊಂದಕ್ಕೂ ಬೇರೆ ಬೇರೆ ಗುರಿ ಕೊಟ್ಟರು. ಇಡೀ ಪರದೆಯನ್ನು ಸಣ್ಣ ಚೌಕಗಳಾಗಿ ಹಂಚಲಾಗಿದೆ ಅಂತ ಮನಸ್ಸಿನಲ್ಲಿಟ್ಟುಕೊಂಡು ಓದಿ.

ಕೆಂಪು ದೆವ್ವ ಬ್ಲಿಂಕಿಯ ಗುರಿ ಪ್ಯಾಕ್‌ಮ್ಯಾನ್ ನಿಂತಿರುವ ಚೌಕವೇ. ಹಾಗಾಗಿ ಅದು ಸದಾ ಬೆನ್ನಿಗೇ ಇರುತ್ತದೆ. ಗುಲಾಬಿ ಬಣ್ಣದ ಪಿಂಕಿ ಪ್ಯಾಕ್‌ಮ್ಯಾನ್ ಮುಖ ಮಾಡಿರುವ ಕಡೆಗೆ 4 ಚೌಕ ಮುಂದಕ್ಕೆ ಗುರಿ ಇಡುತ್ತದೆ, ಅಂದರೆ ಎದುರಿನಿಂದ ಅಡ್ಡಗಟ್ಟುತ್ತದೆ. ತಿಳಿನೀಲಿ ಇಂಕಿಯ ಲೆಕ್ಕ ಸ್ವಲ್ಪ ಉದ್ದ: ಪ್ಯಾಕ್‌ಮ್ಯಾನ್‌ಗಿಂತ 2 ಚೌಕ ಮುಂದಿನ ಜಾಗ ಹಿಡಿದು, ಬ್ಲಿಂಕಿಯಿಂದ ಅಲ್ಲಿಗೆ ಒಂದು ಗೆರೆ ಎಳೆದು, ಆ ಗೆರೆಯನ್ನು ಇನ್ನೂ ಅಷ್ಟೇ ಉದ್ದ ಮುಂದುವರಿಸಿದರೆ ಸಿಗುವ ಚೌಕ ಅದರ ಗುರಿ. ಅದಕ್ಕೇ ಇಂಕಿ ಎಲ್ಲಿಂದ ಬರುತ್ತದೆ ಅಂತ ಊಹಿಸುವುದು ಕಷ್ಟ. ಕಿತ್ತಳೆ ಬಣ್ಣದ ಕ್ಲೈಡ್ 8 ಚೌಕಕ್ಕಿಂತ ದೂರ ಇದ್ದಾಗ ನೇರ ಅಟ್ಟಿಸುತ್ತದೆ. ಹತ್ತಿರ ಬಂದ ಕೂಡಲೇ ತನ್ನ ಮೂಲೆಯ ಕಡೆಗೆ ತಿರುಗಿಬಿಡುತ್ತದೆ. ನೋಡುವವರಿಗೆ ಅದು ಪುಕ್ಕಲು ಅನ್ನಿಸುತ್ತದೆ.

ಗುರಿ ಸಿಕ್ಕ ಮೇಲೆ ದಾರಿ ಹುಡುಕುವುದು ಇನ್ನೂ ಸರಳ. ದಾರಿ ಕವಲೊಡೆಯುವ ಕಡೆ, ಮುಂದಿನ ಯಾವ ಚೌಕ ಗುರಿಗೆ ಹತ್ತಿರ ಇದೆಯೋ ಅತ್ತ ಹೋಗು. ಬಂದ ದಾರಿಯಲ್ಲಿ ಹಿಂದಕ್ಕೆ ತಿರುಗಬೇಡ. ಇಷ್ಟೇ ನಿಯಮ. ದೆವ್ವಗಳ ನಡುವೆ ಮಾತುಕತೆ ಇಲ್ಲ, ಒಟ್ಟಾಗಿ ಮಾಡಿದ ಯೋಜನೆ ಇಲ್ಲ. ಆದರೂ ಒಂದು ಹಿಂದಿನಿಂದ, ಒಂದು ಮುಂದಿನಿಂದ, ಒಂದು ಬದಿಯಿಂದ ಬಂದಾಗ ಸಂಚು ಹೂಡಿ ಸುತ್ತುವರಿದ ಹಾಗೆಯೇ ಕಾಣುತ್ತದೆ.

ಉಸಿರಾಡಲು ಬಿಡುವನ್ನೂ ಡಿಸೈನರ್ ಇಟ್ಟಿದ್ದಾರೆ. ಮೊದಲ ಹಂತದ ಆರಂಭದಲ್ಲಿ 7 ಸೆಕೆಂಡು ದೆವ್ವಗಳು ತಮ್ಮ ತಮ್ಮ ಮೂಲೆಗಳ ಕಡೆ ಹೋಗುತ್ತವೆ, ಆಮೇಲೆ 20 ಸೆಕೆಂಡು ಬೆನ್ನಟ್ಟುತ್ತವೆ. ಮತ್ತೆ ಮೂಲೆ, ಮತ್ತೆ ಬೆನ್ನಟ್ಟುವುದು. ನಾಲ್ಕನೇ ಬಿಡುವಿನ ನಂತರ ಬಿಡುವೇ ಇಲ್ಲ. ಒತ್ತಡ ಏರಿ, ಇಳಿದು, ಮತ್ತೆ ಏರುವ ಈ ಲಯ ಆಡುವವರಿಗೆ ಗೊತ್ತಾಗುವುದಿಲ್ಲ. ಆದರೆ ಅವರ ಎದೆಬಡಿತಕ್ಕೆ ಗೊತ್ತಾಗುತ್ತದೆ.

ತಪ್ಪುಗಳೂ ಇದ್ದವು. ಪ್ಯಾಕ್‌ಮ್ಯಾನ್ ಮೇಲ್ಮುಖವಾಗಿದ್ದಾಗ ಪಿಂಕಿಯ ಗುರಿ 4 ಚೌಕ ಮೇಲೆ ಇರುವ ಬದಲು 4 ಮೇಲೆ, 4 ಎಡಕ್ಕೆ ಹೋಗುತ್ತದೆ. ಇದು ಪ್ರೋಗ್ರಾಂನ ದೋಷ. ಇನ್ನೊಂದು ಇನ್ನೂ ಪ್ರಸಿದ್ಧ. ಹಂತದ ಲೆಕ್ಕವನ್ನು ಇಟ್ಟಿದ್ದು ಒಂದು ಬೈಟ್‌ನಲ್ಲಿ, ಅಂದರೆ ಕಂಪ್ಯೂಟರಿನ ನೆನಪಿನ ಒಂದು ಪುಟ್ಟ ಖಾನೆಯಲ್ಲಿ. ಒಂದು ಬೈಟ್‌ನಲ್ಲಿ ಹಿಡಿಯುವುದು 0ಯಿಂದ 255ರ ತನಕ ಮಾತ್ರ. 256ನೇ ಹಂತದಲ್ಲಿ ಆ ಲೆಕ್ಕ 255 ಇರುತ್ತದೆ. ಎಷ್ಟನೇ ಹಂತ ಅಂತ ತೋರಿಸಲು ಪರದೆಯ ಕೆಳಗೆ ಹಣ್ಣಿನ ಚಿತ್ರಗಳನ್ನು ಬಿಡಿಸುವ ಭಾಗ ಅದಕ್ಕೆ 1 ಕೂಡಿಸಿದಾಗ ಅದು 0 ಆಗಿಬಿಡುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯದೆ ಪ್ರೋಗ್ರಾಂ 256 ಚಿತ್ರ ಬಿಡಿಸಲು ಹೊರಡುತ್ತದೆ. ಪರದೆಯ ಬಲ ಅರ್ಧ ಅಕ್ಷರ, ಅಂಕಿ, ಚಿತ್ರಗಳ ಕಲಸುಮೇಲೋಗರ. ಆ ಹಂತ ದಾಟಲು ಆಗುವುದಿಲ್ಲ.

ಇಂಜಿನ್ ಅಂದರೇನು

ಚಕ್ರ ಸುತ್ತಿಸುವುದು, ಚೌಕಟ್ಟು ಮುಟ್ಟಿತಾ ನೋಡುವುದು, ಚಿತ್ರ ಬಿಡಿಸುವುದು, ಸದ್ದು ಹೊರಡಿಸುವುದು, ಇವು ಎಲ್ಲ ಆಟಗಳಲ್ಲೂ ಬೇಕು. ಪ್ರತಿ ಸಲ ಹೊಸದಾಗಿ ಬರೆಯುವುದು ಯಾಕೆ? ಇವನ್ನೆಲ್ಲ ಒಟ್ಟು ಮಾಡಿ ಕೊಡುವ ತಯಾರಿ ಸಾಫ್ಟ್‌ವೇರ್ ಗೇಮ್ ಇಂಜಿನ್. ಯೂನಿಟಿ ಅನ್ನುವ ಇಂಜಿನ್‌ನಲ್ಲಿ ಪ್ರೋಗ್ರಾಂ ಬರೆಯುವುದು ಸಿ-ಶಾರ್ಪ್ ಭಾಷೆಯಲ್ಲಿ, ಅನ್‌ರಿಯಲ್ ಅನ್ನುವುದರಲ್ಲಿ ಸಿ-ಪ್ಲಸ್-ಪ್ಲಸ್. ಗೊಡೊ ಅನ್ನುವ ಇನ್ನೊಂದು ಇಂಜಿನ್ ಪೂರ್ತಿ ಉಚಿತ, ಅದರ ಒಳಗಿನ ಕೋಡ್ ಕೂಡ ಯಾರು ಬೇಕಾದರೂ ನೋಡಬಹುದು. ಮಕ್ಕಳಿಗಾದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಡುಗಡೆ ಮಾಡಿದ ಸ್ಕ್ರ್ಯಾಚ್ ಇದೆ. ಟೈಪ್ ಮಾಡುವ ಗೋಜಿಲ್ಲ, ಬಣ್ಣದ ತುಂಡುಗಳನ್ನು ಜೋಡಿಸಿದರೆ ಆಯಿತು. ಆದರೆ ಜಿಗಿತ 10ರಿಂದ ಶುರುವಾಗಬೇಕಾ, 12ರಿಂದಲಾ ಅಂತ ಯಾವ ಇಂಜಿನ್ನೂ ಹೇಳುವುದಿಲ್ಲ. ಅದು ಮಾಡುವವರ ಪಾಲಿಗೇ ಉಳಿಯುತ್ತದೆ.

ಕನ್ನಡದಲ್ಲಿ ಗೇಮ್ ಮಾಡುವಾಗಿನ ಒಂದು ಕಷ್ಟ

ಕನ್ನಡದ ಆಟ ಮಾಡಲು ಹೊರಟವರಿಗೆ ಎದುರಾಗುವ ಒಂದು ಸಮಸ್ಯೆ ಇಂಗ್ಲಿಷಿನವರಿಗೆ ಬರುವುದೇ ಇಲ್ಲ. "ಶಕ್ತಿ" ಅನ್ನುವ ಪದ ತೆಗೆದುಕೊಳ್ಳಿ. ಕಂಪ್ಯೂಟರಿನ ಒಳಗೆ ಅದು 5 ಸಂಕೇತ: ಶ, ಕ, ವಿರಾಮದ ಚಿಹ್ನೆ, ತ, ಗುಡಿಸು. ಪರದೆಯ ಮೇಲೆ ಕಾಣಬೇಕಾದ್ದು ಬೇರೆ. ತ ಒತ್ತಕ್ಷರವಾಗಿ ಕೆಳಗೆ ಇಳಿಯಬೇಕು. ಗುಡಿಸು ಬಂದದ್ದು ತ ಆದ ಮೇಲಾದರೂ, ಕಾಣಬೇಕಾದ್ದು ಕ ಮೇಲೆ. ಹೀಗೆ ಜೋಡಿಸುವ ಕೆಲಸಕ್ಕೆ ಪ್ರತ್ಯೇಕ ಪ್ರೋಗ್ರಾಂ ಬೇಕು. ಒಂದೊಂದೇ ಅಕ್ಷರವನ್ನು ಸಾಲಾಗಿ ಇಟ್ಟುಬಿಡುವ ಇಂಜಿನ್‌ಗಳಲ್ಲಿ ಕನ್ನಡ ಒಡೆದು ಚೂರಾಗಿ ಕಾಣುತ್ತದೆ. 2023ರಲ್ಲಿ ಬಂದ ಗೊಡೊ 4ರಲ್ಲಿ ಈ ಜೋಡಣೆಯ ವ್ಯವಸ್ಥೆ ಇಂಜಿನ್ ಒಳಗೇ ಬಂತು. ನಮ್ಮಂಥ ಲಿಪಿಗಳವರಿಗೆ ಅದು ದೊಡ್ಡ ಉಪಕಾರ.

ಮಾತು ಒಂದೊಂದೇ ಅಕ್ಷರವಾಗಿ ಪರದೆಯ ಮೇಲೆ ಮೂಡುವುದನ್ನು ಆಟಗಳಲ್ಲಿ ನೋಡಿರುತ್ತೀರಿ. ಅದನ್ನು ಕನ್ನಡದಲ್ಲಿ ಸಂಕೇತದ ಲೆಕ್ಕದಲ್ಲಿ ಮಾಡಿದರೆ ಮೊದಲು ಶಕ, ಆಮೇಲೆ ಶಕ್, ಆಮೇಲೆ ಶಕ್ತ ಅಂತ ಪದ ಕುಣಿಯುತ್ತದೆ. ಪೂರ್ತಿ ಅಕ್ಷರದ ಲೆಕ್ಕದಲ್ಲೇ ಮುಂದೆ ಹೋಗಬೇಕು. ಪದಗಳೂ ಉದ್ದ. ಇಂಗ್ಲಿಷಿನ ನಾಲ್ಕಕ್ಷರದ ಪದಕ್ಕೆ ಅಂತ ಮಾಡಿಟ್ಟ ಬಟನ್‌ನಲ್ಲಿ "ಮುಂದುವರಿಸಿ" ಹಿಡಿಸುವುದಿಲ್ಲ.

ಮೊದಲು ಏನು ಮಾಡಿ ಕಲಿಯುವುದು

ಪಾಂಗ್ ಮಾಡಿ. 1972ರಲ್ಲಿ ಅಮೆರಿಕದ ಗೇಮ್ ಕಂಪನಿ ಅಟಾರಿಯ ನೋಲನ್ ಬುಶ್ನೆಲ್, ಹೊಸದಾಗಿ ಸೇರಿದ್ದ ಇಂಜಿನಿಯರ್ ಅಲನ್ ಆಲ್ಕಾರ್ನ್‌ಗೆ ಅಭ್ಯಾಸಕ್ಕೆ ಅಂತ ಕೊಟ್ಟ ಕೆಲಸ ಅದು. ಎರಡು ಹಲಗೆ, ಒಂದು ಚೆಂಡು. ಆಗ ಪ್ರೋಗ್ರಾಂ ಕೂಡ ಇರಲಿಲ್ಲ, ಎಲ್ಲ ಸರ್ಕ್ಯೂಟ್‌ನಲ್ಲೇ. ಆಲ್ಕಾರ್ನ್ ಹಲಗೆಯನ್ನು 8 ಭಾಗ ಮಾಡಿದರು. ನಡುವೆ ತಗುಲಿದರೆ ಚೆಂಡು ನೇರ ಹೋಗುತ್ತದೆ, ಅಂಚಿಗೆ ತಗುಲಿದಷ್ಟೂ ಓರೆಯಾಗಿ ಹೋಗುತ್ತದೆ. ಆಟ ಉದ್ದವಾದಷ್ಟೂ ಚೆಂಡಿನ ವೇಗ ಏರುತ್ತದೆ. ಸರ್ಕ್ಯೂಟಿನ ಕೊರತೆಯಿಂದ ಹಲಗೆ ಪರದೆಯ ಮೇಲಿನ ತುದಿ ಮುಟ್ಟುತ್ತಿರಲಿಲ್ಲ. ಅದನ್ನೂ ಹಾಗೇ ಬಿಟ್ಟರು, ಇಲ್ಲದಿದ್ದರೆ ಚೆನ್ನಾಗಿ ಆಡುವ ಇಬ್ಬರ ಆಟ ಮುಗಿಯುತ್ತಲೇ ಇರಲಿಲ್ಲ.

ಇವತ್ತು ಇದನ್ನು ಸ್ಕ್ರ್ಯಾಚ್‌ನಲ್ಲೋ ಗೊಡೊದಲ್ಲೋ ಮಾಡಬಹುದು. ಚೆಂಡಿನ ಜಾಗಕ್ಕೆ ಎರಡು ಸಂಖ್ಯೆ, ವೇಗಕ್ಕೆ ಎರಡು ಸಂಖ್ಯೆ ಸಾಕು. ಮೇಲಿನ ಅಥವಾ ಕೆಳಗಿನ ಗೋಡೆಗೆ ಬಡಿದರೆ ಮೇಲೆ-ಕೆಳಗಿನ ವೇಗದ ಪ್ಲಸ್ ಅನ್ನು ಮೈನಸ್ ಮಾಡಿ, ಮೈನಸ್ ಇದ್ದರೆ ಪ್ಲಸ್. ಹಲಗೆಗೆ ಬಡಿದರೆ ಎಡ-ಬಲದ ವೇಗಕ್ಕೆ ಇದೇ ಲೆಕ್ಕ. ಅದು ಓಡತೊಡಗಿದ ಮೇಲೆ ಹಲಗೆಯ ಉದ್ದ, ಚೆಂಡಿನ ವೇಗ, ಓರೆಯ ಪ್ರಮಾಣ ಬದಲಿಸಿ ಬದಲಿಸಿ ನೋಡಿ. ಆಮೇಲೆ ತಂಗಿಯನ್ನೋ ಪಕ್ಕದ ಮನೆಯ ಹುಡುಗನನ್ನೋ ಕೂರಿಸಿ ಆಡಲು ಕೊಡಿ. ಹೀಗೆ ಆಡು, ಹಾಗೆ ಆಡು ಅಂತ ಹೇಳಬೇಡಿ, ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಎಲ್ಲಿ ತಡವರಿಸುತ್ತಾರೆ, ಎಲ್ಲಿ ನಗುತ್ತಾರೆ, ಎಷ್ಟನೇ ಸೋಲಿಗೆ ಬಿಟ್ಟು ಏಳುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಮರುದಿನ ಯಾವ ಸಂಖ್ಯೆ ಬದಲಿಸಬೇಕು ಅಂತ ಆ ಪಟ್ಟಿ ನೋಡಿದರೆ ಗೊತ್ತಾಗುತ್ತದೆ.